ಐದನೇ ನಂಬರಿನ ಬೂಟು

ಬೂಟು ಹೊಲಿಯುವ ಆ ಮನುಷ್ಯನಿಗೆ ಬೀದಿಯವರೆಲ್ಲ ಸೇರಿ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದ್ದು ಏಳೇ ವರ್ಷ. ಆದರೆ ರಿಪೇರಿಗೆ ಬಂದ ಯಾರನ್ನೂ ಪಾಠ ಹೇಳದೆ ಕಳಿಸಿದ್ದಿಲ್ಲ. ‘ಹಿಮ್ಮಡಿ ಒಂದೇ ಕಡೆ ಸವೆದಿದೆ. ನೀವು ನಡೀತಿಲ್ಲ ಸ್ವಾಮಿ, ವಾಲ್ತಿದೀರಿ’ ಎಂದು ಬ್ಯಾಂಕಿನ ಮ್ಯಾನೇಜರಿಗೇ ಹೇಳಿದ್ದರು. ಜನರ ಮುಖ ಅವರಿಗೆ ನೆನಪಿರುತ್ತಿರಲಿಲ್ಲ. ಎದುರಿಗೆ ಬಂದು ನಕ್ಕವರನ್ನು ತಲೆಯಿಂದ ನೋಡುತ್ತ ಇಳಿದು, ಕಾಲು ಕಂಡ ಮೇಲೆ ‘ಓ, ನೀವಾ!’ ಅನ್ನುತ್ತಿದ್ದರು.

ಹೊಸ ಜೋಡಿ ಬೇಕೆಂದವರು ಎಷ್ಟನೇ ಸಲ ಬಂದರೂ ಸರಿ, ಬರಿಗಾಲನ್ನು ಕಾಗದದ ಮೇಲೆ ಊರಲೇಬೇಕು. ಮೇಷ್ಟ್ರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದು, ಮೂಲೆಯಲ್ಲಿ ತಾರೀಖು ಹಾಕಿ, ಆ ಮನೆಯವರ ಕಟ್ಟಿಗೆ ಸೇರಿಸಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಅವರ ಅಪ್ಪ ಎಳೆದ ಗೆರೆಗಳೂ ಅಲ್ಲಿಯೇ ಇದ್ದವು.

ಅಪ್ಪನಿಂದ ಬಂದ ಒಂದು ಗುಟ್ಟೂ ಇತ್ತು. ಹೆಂಗಸರ ಬೂಟು ಎಷ್ಟೇ ದೊಡ್ಡದಾಗಲಿ, ಅಟ್ಟೆಯ ಅಡಿಯಲ್ಲಿ ಅವರು ಮೊದಲ ಸಲ ಹಾಕಿಸಿಕೊಂಡ ನಂಬರನ್ನೇ ಅಚ್ಚೊತ್ತಬೇಕು. ಮದುವೆಯಲ್ಲಿ ನಾಲ್ಕಿದ್ದವಳಿಗೆ ಮೂರು ಹೆತ್ತ ಮೇಲೂ ನಾಲ್ಕೇ. ‘ಬೂಟು ಕಾಲಿಗೆ ಸರಿಯಾಗಿರಲಿ, ನಂಬರು ಮನಸ್ಸಿಗೆ ಸರಿಯಾಗಿರಲಿ’ ಅನ್ನುತ್ತಿದ್ದರಂತೆ ಅಪ್ಪ. ಇದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಬೂಟು ಕಾಲಿಗೆ ಸರಿಹೋದರೂ ನಂಬರು ದೊಡ್ಡದಾಯಿತೆಂದು ಮುನಿಸಿಕೊಂಡು ಹೋಗುವ ಗಿರಾಕಿಗಳನ್ನು ನೀವು ಕಂಡಿಲ್ಲದಿದ್ದರೆ, ನೀವು ಬೂಟು ಮಾರಿದವರಲ್ಲ ಅಂತಲೇ ಅರ್ಥ.

ಮೇಷ್ಟ್ರಿಗೆ ಒಬ್ಬಳೇ ಅಕ್ಕ. ಎರಡು ಬೀದಿ ಆಚೆ ದೊಡ್ಡ ಲಾಂಡ್ರಿಯೊಂದರಲ್ಲಿ ನಿಂತಲ್ಲೇ ಎಂಟು ಗಂಟೆ ಇಸ್ತ್ರಿ ಹಾಕುವ ಕೆಲಸ ಅವಳದು. ಆ ದಿನ ಮಧ್ಯಾಹ್ನ ಅವಳು ಡಾಕ್ಟರ ಹತ್ತಿರ ಹೋಗಿ ನೇರ ಅಂಗಡಿಗೆ ಬಂದಳು. ಒಳಗೆ ಬರುವಾಗ ಭುಜ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ದೊಪ್ಪನೆ ಕೂತಳು.

‘ಮತ್ತೆ ಅದೇ ರಾಗ ಕಣೋ’ ಅಂದಳು. ‘ತಲೆನೋವು ಅಂದೆ, ಚೆನ್ನಾಗಿ ನಿದ್ದೆ ಮಾಡಮ್ಮ ಅಂದ್ರು. ಕೀಲು ನೋವು ಅಂದೆ, ತೂಕ ಇಳಿಸಮ್ಮ ಅಂದ್ರು. ಸುಮ್ನೆ ಕೂತ್ರೂ ಬೆವರ್ತೀನಿ ಅಂದೆ, ವಯಸ್ಸಮ್ಮ ಅಂದ್ರು. ಮೂರಕ್ಕೂ ಸೇರಿಸಿ ಒಂದೇ ಬಿಳಿ ಮಾತ್ರೆ.’

‘ಕೈ ಸುಟ್ಟಿರೋದು ತೋರಿಸಿದ್ಯಾ?’

‘ತೋರಿಸ್ದೆ. ಮೈಮೇಲೆ ಎಚ್ಚರ ಇಟ್ಕೊಂಡು ಕೆಲಸ ಮಾಡಮ್ಮ ಅಂದ್ರು. ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಹಾಕ್ತಿದೀನಿ ಕಣೋ. ಈಗ ಪೆಟ್ಟಿಗೆ ಪಕ್ಕದಲ್ಲಿದ್ರೆ ಕಾಣೋದೇ ಇಲ್ಲ, ಮುಟ್ಟಿದ್ಮೇಲೇ ಗೊತ್ತಾಗೋದು. ಓನರು ಬೇರೆ, ಇನ್ನೊಂದು ಸಲ ಸುಟ್ಕೊಂಡ್ರೆ ಮನೇಲೇ ಇರಮ್ಮ ಅಂದಿದಾರೆ.’

ಆ ಡಾಕ್ಟರು ಕೆಟ್ಟವರಲ್ಲ. ಇವರ ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವರು. ತೊಂದರೆ ಇದ್ದದ್ದೇ ಅಲ್ಲಿ. ಅಪ್ಪನ ಬೆನ್ನುನೋವು, ಅಮ್ಮನ ಕೆಮ್ಮು, ಅಕ್ಕ ಚಿಕ್ಕಂದಿನಲ್ಲಿ ಇಂಜೆಕ್ಷನ್ನಿಗೆ ಹೆದರಿ ಮೇಜಿನ ಕೆಳಗೆ ನುಗ್ಗಿದ್ದು, ಎಲ್ಲವೂ ಅವರಿಗೆ ನೆನಪಿತ್ತು. ಹಾಗಾಗಿ ಅವಳನ್ನು ಹೊಸದಾಗಿ ನೋಡುವುದೇನೂ ಉಳಿದಿಲ್ಲ ಅಂದುಕೊಂಡಿದ್ದರು. ಅವಳು ಮಾತು ಮುಗಿಸುವ ಮೊದಲೇ ಅವರ ಪೆನ್ನು ಚೀಟಿಯ ಮೇಲೆ ಓಡುತ್ತಿತ್ತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಆರು ವರ್ಷದಿಂದ ಅಕ್ಕ ನಾಲ್ಕನೆಯದನ್ನು ತೋರಿಸಲು ಹೋಗಿ ಬಂದು ಮಾಡುತ್ತಿದ್ದಳು.

‘ಹೋಗ್ಲಿ ಬಿಡು’ ಅಂದಳು. ‘ಈ ಬೂಟು ಕಚ್ತಿದೆ. ಸ್ವಲ್ಪ ಸಡಿಲ ಮಾಡ್ಕೊಡು.’

ಮೇಷ್ಟ್ರು ಬೂಟನ್ನು ಕೈಗೆತ್ತಿಕೊಂಡರು. ಹೊಲಿದು ಎಂಟೇ ತಿಂಗಳಾಗಿತ್ತು. ಮೆತ್ತನೆ ಚರ್ಮ, ಇಷ್ಟು ಹೊತ್ತಿಗೆ ಕಾಲಿಗೆ ಒಗ್ಗಿ ಸಡಿಲವಾಗಬೇಕಿತ್ತು, ಬಿಗಿಯಾಗುವ ಮಾತೇ ಇಲ್ಲ. ಒಳಗೆ ಬೆರಳು ಹಾಕಿ ನೋಡಿದರು. ಹೆಬ್ಬೆರಳು ಮುಂದಿನ ಚರ್ಮವನ್ನು ಒತ್ತಿ ಒತ್ತಿ ಗುಳಿ ಮಾಡಿತ್ತು. ‘ಕಾಲಿಡು’ ಎಂದು ಕಾಗದ ಹಾಸಿ ಹೊಸ ಗೆರೆ ಎಳೆದುಕೊಂಡರು. ಅವಳು ರಿಪೇರಿಗೆಂದು ಬಿಟ್ಟುಹೋಗಿದ್ದ, ತಮ್ಮನೇ ಹೊಲಿದ ಹಳೇ ಚಪ್ಪಲಿ ಮೆಟ್ಟಿಕೊಂಡು ಲಾಂಡ್ರಿಗೆ ಹೋದಳು.

ಕುತೂಹಲ ಅನ್ನುವುದು ಬೂಟಿನೊಳಗೆ ಸೇರಿದ ಹರಳಿನ ಹಾಗೆ, ತೆಗೆಯುವ ತನಕ ನಡೆಯಲು ಬಿಡುವುದಿಲ್ಲ. ಮೇಷ್ಟ್ರು ಚರ್ಮ ಕತ್ತರಿಸುವ ರಂಪಿಗೆಯನ್ನು ಬದಿಗಿಟ್ಟು ಗೂಡಿನಿಂದ ಅಕ್ಕನ ಕಟ್ಟು ಇಳಿಸಿದರು. ಇವತ್ತಿನದೂ ಸೇರಿ ಏಳು ಹಾಳೆಗಳು. ಒಂದರ ಮೇಲೊಂದಿಟ್ಟು ಹಿಮ್ಮಡಿಗಳನ್ನು ಸರಿಹೊಂದಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬಿಸಿಲಿಗೆ ಏಳೂ ಗೆರೆ ಒಟ್ಟಿಗೆ ಕಂಡವು. ಒಂದರ ಹೊರಗೊಂದು, ಅದರ ಹೊರಗೆ ಇನ್ನೊಂದು. ಮೊದಲ ಹಾಳೆಯ ಹೆಬ್ಬೆರಳಿಗೂ ಇವತ್ತಿನದಕ್ಕೂ ನಡುವೆ ಒಂದು ಉಗುರಿನಷ್ಟು ಜಾಗ.

ಮೈ ಬಂದರೆ ಪಾದ ಅಗಲವಾಗುತ್ತದೆ, ಅದು ಮೇಷ್ಟ್ರಿಗೆ ಗೊತ್ತಿಲ್ಲದ್ದಲ್ಲ. ಇದು ಉದ್ದಕ್ಕೂ ಬೆಳೆದಿತ್ತು. ನಲವತ್ತಾರು ವರ್ಷದ ಹೆಂಗಸಿನ ಪಾದ ಬೆಳೆಯುವುದುಂಟೇ? ತಮಗೇ ತಪ್ಪಿತೇನೋ ಎಂದು ಅದೇ ವಯಸ್ಸಿನ ಬೇರೆ ಹೆಂಗಸರ ಕಟ್ಟು ಬಿಚ್ಚಿದರು. ಹೂವಿನಂಗಡಿಯವಳದು, ಟೈಪಿಸ್ಟಮ್ಮನದು, ನರ್ಸಿನದು, ಹೀಗೆ ಹನ್ನೊಂದು ಜನರದು. ಕೆಲವರದು ಅಗಲವಾಗಿತ್ತು, ಒಂದಿಬ್ಬರದು ಕೂದಲೆಳೆಯಷ್ಟು ಉದ್ದವಾಗಿತ್ತು. ಅಕ್ಕನ ಹಾಗೆ ವರ್ಷ ವರ್ಷ ಮುಂದೆ ಸರಿದದ್ದು ಒಂದೂ ಇರಲಿಲ್ಲ. ಅವತ್ತು ಬಾಕಿ ಇದ್ದ ಮೂರು ಜೋಡಿ ಬಾಕಿಯೇ ಉಳಿಯಿತು.

ಮರುದಿನ ಬೆಳಗ್ಗೆ ಮೇಷ್ಟ್ರು ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಅಕ್ಕನನ್ನು ಎಬ್ಬಿಸಿಕೊಂಡು ಹೊರಟರು. ‘ನಿನ್ನ ಮಾತು ಕೇಳ್ತಾರಾ ಅವ್ರು? ಹಿತ್ತಲ ಗಿಡ ಮದ್ದಲ್ಲ’ ಎಂದು ಅಕ್ಕ ದಾರಿಯುದ್ದಕ್ಕೂ ಗೊಣಗಿದಳು. ಆದರೂ ಜೊತೆಗೆ ಒಬ್ಬರು ಬರುತ್ತಿದ್ದಾರೆ ಅನ್ನುವುದೇ ಅವಳಿಗೆ ಸಮಾಧಾನವಾಗಿತ್ತು.

‘ಏನ್ ಮೇಷ್ಟ್ರೇ, ಅಂಗಡೀನೇ ಇಲ್ಲಿಗೆ ತಂದ್ರಾ?’ ಅಂದರು ಡಾಕ್ಟರು, ಮೇಜಿನ ಮೇಲೆ ಹರಡಿದ ಹಾಳೆ ನೋಡಿ.

‘ಸಾರ್, ಅಕ್ಕನ ಪಾದ ಬೆಳೀತಿದೆ. ಆರು ವರ್ಷದ ಲೆಕ್ಕ ಇದು.’

ಡಾಕ್ಟರು ನಕ್ಕರು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ‘ಪೆನ್ಸಿಲ್ ಗೆರೆ ಸ್ವಲ್ಪ ಆಚೀಚೆ ಆಗುತ್ತಪ್ಪ. ನಿಜವಾಗ್ಲೂ ಬೆಳೆಯೋ ಕಾಯಿಲೆ ಒಂದಿದೆ, ಇಲ್ಲ ಅನ್ನಲ್ಲ. ಲಕ್ಷಕ್ಕೆ ಯಾರೋ ಕೆಲವರಿಗೆ. ಹಾಗಿದ್ರೆ ಬೂಟಿನ ನಂಬರು ಏರುತ್ತೆ. ನಾನೇನು ಕೇಳದೆ ಬಿಟ್ಟಿಲ್ಲ.’ ಅಕ್ಕನ ಕಾರ್ಡು ತೆಗೆದು ಹಿಂದಕ್ಕೆ ಮಗುಚಿದರು. ‘ಇಲ್ನೋಡಿ, ಎರಡು ವರ್ಷದ ಹಿಂದೆ. ಬೂಟಿನ ನಂಬರು ಬದಲಾಗಿಲ್ಲ. ಏನಮ್ಮ, ನೀನೇ ಹೇಳಿದ್ದಲ್ವಾ?’

‘ಹೌದು ಸಾರ್, ಹೇಳಿದ್ದೆ. ಐದೇ ನಂಬರು’ ಅಂದಳು ಅಕ್ಕ. ಕಾಲಿನ ಚಪ್ಪಲಿಯನ್ನು ಕಳಚಿ ಮಗುಚಿ ಹಿಡಿದಳು. ಅಟ್ಟೆಯಲ್ಲಿ ಅಚ್ಚುಕಟ್ಟಾದ ಐದು. ‘ನೋಡೋ, ಡಾಕ್ಟ್ರು ಹೇಳಿದ್ದೇ ಸರಿ’ ಎಂದು ತಮ್ಮನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಲು ಇತ್ತು.

ಮೇಷ್ಟ್ರು ಆ ಐದನ್ನು ನೋಡಿದರು. ನಂಬರು ಹೊಡೆದದ್ದು ಅವರದೇ ಕೈ. ಐದೂವರೆಗೂ ಐದು, ಆರಕ್ಕೂ ಐದು, ಏಳಕ್ಕೂ ಐದು. ಮೊದಲ ಸಲ ಬಿಗಿಯಾಯಿತು ಅಂದಾಗ ‘ನಿಂಗೆ ಹಂಗನ್ಸುತ್ತೆ ಅಷ್ಟೇ, ಏನೂ ಆಗಿಲ್ಲ’ ಎಂದು ನಕ್ಕು, ಅರ್ಧ ನಂಬರು ದೊಡ್ಡ ಮರದ ಅಚ್ಚು ಹಾಕಿ ಹೊಲಿದದ್ದೂ ಅವರೇ. ಡಾಕ್ಟರು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಿಯೇ ಇದ್ದರು. ಅದರ ಉತ್ತರವನ್ನು ಸುಳ್ಳು ಮಾಡಿದ್ದು ಡಾಕ್ಟರಲ್ಲ. ಬಾಯಿ ಬಿಟ್ಟರೆ ತಾನು ಸುಳ್ಳುಗಾರ, ಅಪ್ಪನೂ ಸುಳ್ಳುಗಾರ. ಬಿಡದಿದ್ದರೆ ಅಕ್ಕ ಮತ್ತೆ ಬಿಳಿ ಮಾತ್ರೆ ಹಿಡಿದು ಮನೆಗೆ.

‘ಅದು ಐದಲ್ಲ ಸಾರ್’ ಅಂದರು. ‘ಈಗ ಕಚ್ತಿರೋ ಬೂಟು ಏಳು. ಬೇಜಾರಾಗುತ್ತೆ ಅಂತ ನಾನೇ ಐದು ಅಂತ ಹೊಡೆದಿದ್ದು. ಎಲ್ಲಾ ಹೆಂಗಸರಿಗೂ ಹಂಗೇ ಮಾಡ್ತೀನಿ.’

ಅಕ್ಕ ಚಪ್ಪಲಿ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. ಡಾಕ್ಟರು ಪೆನ್ನು ಮುಚ್ಚಿಟ್ಟರು. ಎದ್ದು ಮೇಜು ಸುತ್ತಿ ಬಂದು, ಮಂಡಿಯೂರಿ, ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಕೈ ನೋಡಿದರು, ದವಡೆ ನೋಡಿದರು, ಹಲ್ಲುಗಳ ನಡುವೆ ಹೊಸದಾಗಿ ಬಿಟ್ಟಿದ್ದ ಸಂದು ನೋಡಿದರು. ‘ನನ್ನ ಮೂಗನ್ನೇ ನೋಡ್ತಿರಮ್ಮ’ ಎಂದು ಎರಡೂ ಪಕ್ಕ ತಮ್ಮ ಬೆರಳು ಆಡಿಸಿದರು.

‘ಬೆರಳು ಆಡ್ತಿದ್ಯಾ?’

‘ಯಾವ ಬೆರಳು ಸಾರ್?’

ಡಾಕ್ಟರ ಮುಖ ಇಳಿದುಹೋಯಿತು. ‘ನಾನು ನಂಬರು ಕೇಳಿದೆ’ ಅಂದರು ಮೆಲ್ಲಗೆ. ‘ಕಾಲು ನೋಡ್ಲಿಲ್ಲ.’ ಕೂತು ದೊಡ್ಡಾಸ್ಪತ್ರೆಗೆ ಪತ್ರ ಬರೆದರು. ಈ ಸಲ ಪ್ರತಿ ಸಾಲಿಗೂ ಅವಳನ್ನು ಕೇಳಿ ಬರೆದರು.

ಹೊರಗೆ ಬಂದ ಮೇಲೆ ಅಕ್ಕ ಮನೆಯ ದಾರಿ ಹಿಡಿದಳು. ಮೇಷ್ಟ್ರು ಅವಳ ಪಕ್ಕದಲ್ಲಿ ನಡೆಯುತ್ತಿದ್ದರು. ತಾನು ಅವಳಿಗೆ ಕಾಣುತ್ತಿಲ್ಲ ಎಂದು ಹೊಳೆದಾಗ ಎರಡು ಹೆಜ್ಜೆ ಮುಂದೆ ಹೋದರು.

‘ಡಾಕ್ಟ್ರಿಗೆ ಗೊತ್ತಿರ್ಲಿಲ್ಲ, ಬಿಡು’ ಅಂದಳು ಆಗ. ‘ನಿನ್ನ ಕೈಗೆ ಗೊತ್ತಿತ್ತಲ್ಲೋ.’

ದೊಡ್ಡಾಸ್ಪತ್ರೆಯಲ್ಲಿ ನೋಡಿದಾಗ ಮಿದುಳಿನ ಬುಡದಲ್ಲಿ ಆಡುವ ಗೋಲಿಗಿಂತ ಸ್ವಲ್ಪ ದೊಡ್ಡ ಗಂಟು ಇತ್ತು. ಅದೇ ಆರು ವರ್ಷದಿಂದ ಅವಳನ್ನು ಬೆಳೆಸುತ್ತ, ಕಣ್ಣಿನ ನರವನ್ನು ಒತ್ತುತ್ತ ಕೂತಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ತಲೆನೋವು ಹೋಯಿತು, ಬೆವರು ನಿಂತಿತು. ಬಲಪಕ್ಕದ ನೋಟ ಮರಳಿತು. ಎಡಪಕ್ಕದ್ದು ಬರಲಿಲ್ಲ. ಇನ್ನೂ ಎರಡು ವರ್ಷ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ ಎಂದರು ಅಲ್ಲಿಯ ಡಾಕ್ಟರು.

ತಪಾಸಣೆಗೆ ಹೋದ ದಿನ ಅಲ್ಲಿಯ ನರ್ಸು ಕಾಗದ ತುಂಬುತ್ತ ಕೇಳಿದಳು, ‘ಇಷ್ಟು ತಡ ಯಾಕಾಯ್ತು?’

‘ನಮ್ಮನೆ ಡಾಕ್ಟ್ರು ಏನೂ ಇಲ್ಲ, ಏನೂ ಇಲ್ಲ ಅಂತ ಆರು ವರ್ಷ ಕಳೆದ್ರು’ ಅಂದರು ಮೇಷ್ಟ್ರು. ಅವರ ದನಿ ಏರಿತ್ತು.

‘ಅವ್ರೊಬ್ರೇ ಅಲ್ಲಮ್ಮ’ ಅಂದಳು ಅಕ್ಕ ನರ್ಸಿಗೆ. ‘ಇವನೂ ಏನೂ ಆಗಿಲ್ಲ ಅಂದ.’

ನರ್ಸು ಏನು ಬರೆಯಲಿ ಎಂಬಂತೆ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಅಕ್ಕನ ಕಾಲು ನೋಡಿದರು.

‘ಹೌದು’ ಅಂದರು. ‘ಹಾಗೇ ಬರ್ಕೊಳ್ಳಿ.’