ಭೂಪಾಲ ಕಾಕಾ ಆರಿಸಿದ ಮೈಕು

ಭಾನುವಾರ, ಜುಲೈ ೧೩. ಬೆಳಿಗ್ಗೆ ೭.೪೦ಕ್ಕೆ ಬರೆಯಲು ಕುಳಿತೆ.

ಮೂಡಲಗಿಯ ಭೂಪಾಲ ಕಾಕಾ ಅವರಿಗೆ ಬಲಗಿವಿ ಕೇಳುತ್ತಿರಲಿಲ್ಲ. ಮೂವತ್ತು ವರ್ಷ ಮದುವೆಗಳಲ್ಲಿ ಮೈಕ್ ಸೆಟ್ ಹಚ್ಚುತ್ತ, ಹಾರ್ನಿನ ಪಕ್ಕ ನಿಂತೇ ಅದನ್ನು ಕಳೆದುಕೊಂಡಿದ್ದರು. ಗೋಕಾಕದ ನಮ್ಮ ಸ್ನಾತಕೋತ್ತರ ಕೇಂದ್ರಕ್ಕೆ ಮೈಕ್ ಆರಿಸಲು ನಾನು ಕರೆತಂದದ್ದು ಇವರನ್ನೇ. ಕಿವಿ ಕೇಳದವರು ಹೇಗೆ ಆರಿಸುತ್ತಾರೆ ಎಂದು ಕಚೇರಿಯವರು ಗೊಣಗಿದಾಗ ಕಾಕಾ ಎಡಗಿವಿ ತಿರುಗಿಸಿ ಹೇಳಿದರು: “ಮೈಕಿಗೂ ಒಂದ ಕಿವಿ, ನನಗೂ ಒಂದ ಕಿವಿ. ಎರಡ ಕಿವಿ ಇದ್ದಾವ ಬ್ಯಾಡಾದ್ದನ್ನ ಬಿಟ್ಟ ಬೇಕಾದ್ದನ್ನ ಅಷ್ಟ ಕೇಳತಾನ. ಅಂಥಾವನ್ನ ನಂಬಬ್ಯಾಡ್ರಿ.”

ನಾನು ಅಲ್ಲಿ ಪಾಠಗಳ ಧ್ವನಿಮುದ್ರಣ ನೋಡಿಕೊಳ್ಳುವ ತಾತ್ಕಾಲಿಕ ಸಹಾಯಕಿ. ಶಾಸನ ಓದುವುದನ್ನು ಕಲಿಸುವವರು ಶಕುಂತಲಾ ಮೇಡಂ ಒಬ್ಬರೇ. ಏಪ್ರಿಲ್ ಕೊನೆಗೆ ಅವರ ನಿವೃತ್ತಿಯಿತ್ತು, ಅವರ ಜಾಗಕ್ಕೆ ಯಾರೂ ಬರುವವರಿರಲಿಲ್ಲ. ಉಳಿದದ್ದು ಏಳು ಪಾಠ. ಮುದ್ರಿಸಿಕೊಳ್ಳದಿದ್ದರೆ ಆ ವಿದ್ಯೆಯೂ ಅವರೊಂದಿಗೆ ಮನೆಗೆ ಹೋಗುತ್ತಿತ್ತು.

ಮೊದಲೆರಡು ಹಾಳಾಗಿದ್ದವು. ನೋಟ್‌ಬುಕ್ಕಿನಲ್ಲಿ ಹೀಗಿದೆ: ಸೆರಗಿಗೆ ಸಿಕ್ಕಿಸಿದ ಕಾಲರ್ ಮೈಕಿನಲ್ಲಿ ಗಂಜಿ ಹಾಕಿದ ಸೀರೆಯ ಸಪ್ಪಳ ಮುಕ್ಕಾಲು ಗಂಟೆ. ಮೇಡಂ ಹಲಗೆಯ ಕಡೆ ತಿರುಗಿದ ಇಪ್ಪತ್ತಾರು ಸಲವೂ ಮೇಜಿನ ಮೈಕು ಅವರನ್ನು ಕಳೆದುಕೊಂಡಿತು. ಸೂರಿಗೆ ತೂಗುಬಿಟ್ಟದ್ದು ಫ್ಯಾನಿನ ಪಾಠ ಕೇಳಿತು. ಕೈಯಲ್ಲಿ ಹಿಡಿಯುವುದನ್ನು ಕೊಟ್ಟರೆ ಮೇಡಂ ಅದರಿಂದಲೇ ಹಲಗೆಯ ಅಕ್ಷರಗಳನ್ನು ಬಡಿದು ತೋರಿಸಿದರು.

ಕಾಕಾ ‘ಹಲೋ’ ಎಂದು ಮೈಕು ಪರೀಕ್ಷಿಸುವವರಲ್ಲ. ಮದುವೆಯಲ್ಲಿ ಉಡುಗೊರೆ ಕೂಗುವ ದನಿಯಲ್ಲಿ, “ಹುಕ್ಕೇರಿ ಸ್ವಾದರಮಾವನವರ ಕಡಿಯಿಂದ ಒಂದ ಹಿತ್ತಾಳಿ ಕೊಡಾ, ಒಂದ ತಿಜೋರಿ” ಎನ್ನುತ್ತಿದ್ದರು. ಕೊಡ ಎಂದರೆ ಕೊಡ ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ಮೈಕು ಫೇಲು. ನಾಲ್ಕರಲ್ಲೂ ಕಾಣಲಿಲ್ಲ. ಆಮೇಲೆ ಕೋಣೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದರು. “ಮೈಕಿಂದ ತಪ್ಪಿಲ್ಲ ತಂಗಿ. ಈ ಖೋಲೀನ ಒದರಾಕತ್ತೈತಿ. ಹನ್ನೊಂದ ಹುಡುಗರು, ಉಳಿದದ್ದೆಲ್ಲಾ ಬೋಳ ಗ್ವಾಡಿ.”

ಮೂರನೆಯ ಪಾಠಕ್ಕೆ ತಮ್ಮ ಮದುವೆ ಮಂಟಪದ ಕೆಂಪು, ಹಳದಿ ಪರದೆಗಳನ್ನು ತಂದು ಗೋಡೆ, ಕಿಟಕಿ, ಬಾಗಿಲಿಗೆಲ್ಲ ಕಟ್ಟಿದರು. ಮೈಕನ್ನು ಹಲಗೆಯ ಮೇಲಂಚಿನಿಂದ ಇಳಿಬಿಟ್ಟರು. ಅದೇ ಓಣಿಯಲ್ಲಿ ಅಂದು ಒಂದು ಮದುವೆ. ಪರದೆ ನೋಡಿ ಇಪ್ಪತ್ಮೂರು ಬೀಗರು ನಮ್ಮ ಕೋಣೆಗೆ ಬಂದು ಕುಳಿತರು. ಒಬ್ಬ ಅಜ್ಜಿ ಮೇಡಂ ಅವರನ್ನು ನೋಡಿ, “ಹುಡುಗಿ ಅವ್ವ ಏನ? ಭಾಳ ಶಾಣ್ಯಾಕಿ ಅದಾಳ” ಎಂದಳು. ಮೇಡಂ ಪಾಠ ನಿಲ್ಲಿಸಲಿಲ್ಲ. ಮುದ್ರಣ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು.

“ಮಂದಿ ಮೈ ಸಪ್ಪಳಾ ಕುಡೀತೈತಿ. ಮೈಕ್ ಯಾವದರ ಇರಲಿ, ಖೋಲಿ ತುಂಬಸ್ರಿ” ಎಂದರು ಕಾಕಾ. ಖರೀದಿಯ ಅರ್ಜಿಯಲ್ಲಿ ‘ಬೇಕಾದ ಮಾದರಿ’ ಎಂಬಲ್ಲಿ ನಾನು ‘ಬೀಗರು, ಇಪ್ಪತ್ಮೂರು’ ಎಂದು ಬರೆದೆ. ಅದು ಎರಡು ದಿನದಲ್ಲಿ ಮರಳಿ ಬಂತು.

ನಾಲ್ಕರಿಂದ ಆರನೆಯ ಪಾಠದವರೆಗೆ ಮದುವೆಯ ಅಡುಗೆಯವರು, ಬಡಿಸುವವರು ಕುಳಿತರು. ಏಳನೆಯ ದಿನ, ಹಾಳಾದ ಎರಡನ್ನೂ ಸೇರಿಸಿ ಹೇಳಲು ಮೇಡಂ ಒಪ್ಪಿದರು. ಕಾಕಾ ಮೂಡಲಗಿ, ಹುಕ್ಕೇರಿ, ಬೆಲ್ಲದ ಬಾಗೇವಾಡಿಯಿಂದ ಮೂರು ಟೆಂಪೋ ಮಂದಿ ತಂದರು, ಅರವತ್ತೆರಡು ಜನ. ಪಾಠ ಮುಗಿದ ಮೇಲೆ ಶಿರಾ ಊಟ ಎಂದು ಕರಾರು. ಮೂರು ಗಂಟೆ ಹತ್ತು ನಿಮಿಷ ಯಾರೂ ಕೆಮ್ಮಲಿಲ್ಲ. ಮೇಡಂ ಸೀಮೆಸುಣ್ಣ ಕೆಳಗಿಟ್ಟರು. ಏಳೂ ಉಳಿದವು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಗಂಡಸಿನ ದನಿ ನನ್ನ ಹೆಡ್‌ಫೋನಿಗೆ ಬಂತು: “ಮೇಡಂ, ಇಂಥಾ ಅಕ್ಷರದ್ದ ಒಂದ ಕಲ್ಲ ನಮ್ಮ ಹೊಲದ ಒಡ್ಡಿನಾಗ ಐತ್ರಿ. ನಾವ ಅದರ ಮ್ಯಾಲ ಕುಂತ ಬುತ್ತಿ ಉಣ್ತೇವಿ. ನಮ್ಮ ಊರ...”

ಕಾಕಾ ಸ್ವಿಚ್ ಬಂದ್ ಮಾಡಿದರು. ನೆರೆದವರಲ್ಲಿ ಯಾರಾದರೂ ಮಾತಿಗೆ ಎದ್ದರೆ ಮೈಕು ನಿಲ್ಲಿಸುವುದು ಅವರ ಮೂವತ್ತು ವರ್ಷದ ರೂಢಿ. ಇಲ್ಲದಿದ್ದರೆ ಬೀಗರ ಜಗಳ ಊರಿಗೆಲ್ಲ ಕೇಳುತ್ತದೆ. ಅದೇ ಉಸಿರಿನಲ್ಲಿ “ಊಟಕ್ಕ ಏಳ್ರಿ” ಎಂದರು. ಬೆಂಚುಗಳ ಸದ್ದಿನಲ್ಲಿ ಊರಿನ ಹೆಸರು ಮೇಡಂ ಅವರಿಗೂ ಕೇಳಲಿಲ್ಲ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಕ್ತಿಯ ಉದ್ದಕ್ಕೂ ಓಡಿದರು. ಯಾರ ಹೊಲದಲ್ಲಿ ಕಲ್ಲಿದೆ ಎಂದು ಕೇಳಿದರೆ ಹದಿನಾಲ್ಕು ಜನ ಕೈ ಎತ್ತಿದರು. ಎಲ್ಲವೂ ಸರ್ವೇ ಕಲ್ಲು, ಆ ದನಿಯವನು ಅವರಲ್ಲಿ ಇರಲಿಲ್ಲ.

ಮೇ ತಿಂಗಳಿಡೀ ಕಾಕಾ ಪ್ರತಿ ಮದುವೆಯಲ್ಲೂ ಅಕ್ಷತೆಗೆ ಮೊದಲು ಆ ಹನ್ನೊಂದು ಸೆಕೆಂಡಿನ ದನಿಯನ್ನು ಹಾರ್ನಿನಲ್ಲಿ ಹಾಕಿ, “ಈ ದನಿ ಯಾರದೈತಿ, ಮೈಕಿನ ಹತ್ತರ ಬರ್ರಿ” ಎಂದು ಕೂಗಿದರು. ಹತ್ತೊಂಬತ್ತು ಮದುವೆ. ಯಾರೂ ಬರಲಿಲ್ಲ. ಕೊನೆಯ ಸಲ ಹುಕ್ಕೇರಿಯಲ್ಲಿ ಸಿಕ್ಕಾಗ, “ಏಳೂ ಪಾಠ ಉಳಿಸಿದ್ರಲ್ಲಾ ಕಾಕಾ” ಎಂದೆ.

“ಉಳಿಸಿದ್ನಿ, ಖರೆ. ಆದ್ರ ಪಾಠ ತಿಳಕೊಂಡಾವ ಅವನೊಬ್ಬನ, ತಂಗಿ. ಅವನ ಬಾಯಿ ಮುಚ್ಚಿಸಿದಾವ ನಾನು.”

ಜೂನ್ ೨೧ರಂದು ಕಾಕಾ ತೀರಿಕೊಂಡರು. ಹುಡುಕುವ ಕೆಲಸ ಈಗ ನನ್ನದು. ಹೊಲದ ಒಡ್ಡಿನಲ್ಲಿ ಅಕ್ಷರ ಕೊರೆದ ಕಲ್ಲು ಇರುವವರು, ಇಲ್ಲವೇ ಆ ದಿನ ಹಿಂದಿನ ಬೆಂಚಿನಲ್ಲಿ ಕುಳಿತವರನ್ನು ಬಲ್ಲವರು ಇದನ್ನು ಓದಿದರೆ ನನಗೊಂದು ಸಾಲು ಬರೆಯಿರಿ. ಊರಿನ ಹೆಸರಷ್ಟೇ ಸಾಕು. ಉಳಿದದ್ದು ನಮ್ಮ ಬಳಿ ಇದೆ.