ಮಾಗಳದ ಹೊಲದಲ್ಲಿ ಮೂಡದ ಚುಕ್ಕೆ

ಮಹಬೂಬ್ ಸಾಬರ ಕೈಕೆಲಸದಲ್ಲಿ ದೋಷವಿದೆ ಎಂದು ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಎರಡನೆಯ ಸಲ ಹೇಳುವ ಹೊತ್ತಿಗೆ ಅವರು ನಿರಪರಾಧಿ ಎನ್ನುವುದಕ್ಕೆ ಸಾಕ್ಷಿಯೂ ನನ್ನ ಕೈಗೆ ಬಂದಿತ್ತು—ಅದನ್ನು ನಾನೇ ಹರಿದುಹಾಕಿದ್ದೆ. ಆಗ ಚಿಕ್ಕವಳಿದ್ದಳು ಎಂದು ಯಾರೂ ನನ್ನ ಪರ ವಾದಿಸುವುದು ಬೇಡ. ಇಪ್ಪತ್ತೇಳು ಚಿಕ್ಕ ವಯಸ್ಸಲ್ಲ.

ಎಂಬತ್ತರ ದಶಕದ ಕೊನೆ. ನಾನು ಕೊಟ್ಟೂರಿನ ಕಿರಾಣಿ ಅಂಗಡಿಯವರ ಮಗಳು, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ವಿಮಾನದಿಂದ ರೇಡಾರ್ ಅಲೆ ಬಿಟ್ಟು, ನೆಲಕ್ಕೆ ತಾಗಿ ಮರಳಿದ್ದನ್ನು ಹಿಡಿದು ಚಿತ್ರ ಮಾಡುವುದು, ಆ ಚಿತ್ರ ಓದಲು ಕಂಪ್ಯೂಟರಿಗೆ ಕಲಿಸುವುದು ನಮ್ಮ ಕೆಲಸ. ಉದಾಹರಣೆ ತೋರಿಸಿದಷ್ಟೂ ತನ್ನನ್ನು ತಾನೇ ತಿದ್ದಿಕೊಳ್ಳುವ ಆ ಲೆಕ್ಕದ ಏರ್ಪಾಟಿಗೆ ನರಜಾಲ ಎನ್ನುತ್ತಿದ್ದೆವು. ಚಿತ್ರ ಕೊಟ್ಟರೆ ನೆಲದಲ್ಲಿ ಏನಿದೆ ಎಂದು ಹೇಳುತ್ತಿತ್ತು. ನೆಲದಲ್ಲಿ ಏನಿದೆ ಎಂದು ನಾವು ಹೇಳಿದರೆ, ರೇಡಾರಿಗೆ ಅದು ಹೇಗೆ ಕಂಡೀತೆಂದು ತಾನೇ ಚಿತ್ರ ಬರೆದುಕೊಡುತ್ತಿತ್ತು.

ಚಿತ್ರದಲ್ಲಿ ಜಾಗ ಗುರುತಿಸಲು ಹೊಲಗಳಲ್ಲಿ ತಗಡಿನ ಪೆಟ್ಟಿಗೆ ಇಡಬೇಕಿತ್ತು. ಮೂರು ತಗಡು ಸರಿಯಾದ ಲಂಬಕೋನದಲ್ಲಿ ಕೂಡಿ, ಒಂದು ಕಡೆ ಬಾಯಿ ತೆರೆದಿರಬೇಕು. ಬಾಯಿ ವಿಮಾನದ ಕಡೆಗಿದ್ದರೆ ಚಿತ್ರದಲ್ಲಿ ಬಿಳಿ ಚುಕ್ಕೆ ಹೊಳೆಯುತ್ತದೆ. ಮೂಲೆ ಓರೆಯಾದರೆ ಚುಕ್ಕೆ ಮಂಕು.

ಹರಪನಹಳ್ಳಿಯಲ್ಲಿ ಟ್ರಂಕು ಮಾಡುತ್ತಿದ್ದ ಮಹಬೂಬ್ ಸಾಬರಿಗೆ ಹನ್ನೆರಡು ಪೆಟ್ಟಿಗೆ ಹೇಳಿದೆವು. ಅವರು ಲಂಬಕೋನ ಅಳೆಯುವ ಮೂಲೆಮಟ್ಟವನ್ನು ತಗಡಿಗೆ ಒತ್ತಿ ಹಿಡಿದು, ಅಂಗಡಿ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿಯುತ್ತಿದ್ದರು. ನಡುವೆ ನೂಲಿನಷ್ಟು ಬೆಳಕು ತೂರಿದರೂ ಬಿಚ್ಚಿ ಮತ್ತೆ ಬಡಿಯುವುದು.

"ತಂಗಿ, ಟ್ರಂಕಿನ ಮೂಲಿ ಸೊಟ್ಟ ಆದ್ರ ಒಳಗಿನ ಸೀರಿ ಮಾನ ಮುಚ್ತಾವ. ಇದು ಸೊಟ್ಟ ಆದ್ರ?"

"ವಿಮಾನಕ್ಕ ಗೊತ್ತಾಗ್ತೈತಿ ಚಾಚಾ."

"ಹಂಗಾರ ಮ್ಯಾಲಿಂದ ನೋಡಾರು ಇಬ್ರಾದ್ರು ಅನ್ನು!"

ಹನ್ನೊಂದು ಪೆಟ್ಟಿಗೆಗಳನ್ನು ಬಾಗಳಿ, ನೀಲಗುಂದದ ಕಡೆಯ ಹೊಲಗಳಲ್ಲಿ ಇಟ್ಟಾಯಿತು. ಹನ್ನೆರಡನೆಯದು ಮಾಗಳದಲ್ಲಿ, ಹೊಳೆದಂಡೆಯ ಬಸಮ್ಮಜ್ಜಿಯ ಹೊಲದಲ್ಲಿ. ವಿಮಾನ ಹೊಲಗಳ ದಕ್ಷಿಣ ಬದಿಯಲ್ಲಿ ಹಾದುಹೋಗುವುದಿತ್ತು, ಪೆಟ್ಟಿಗೆಯ ಬಾಯಿಯೂ ದಕ್ಷಿಣಕ್ಕೇ ಇರಬೇಕಿತ್ತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತಳು.

"ತೆಂಕ್ಲಕ್ಕ ಬಾಯಿ ಮಾಡಿ ಇಡಬ್ಯಾಡವ್ವಾ. ಯಮನ ದಿಕ್ಕದು. ಮೂಡ್ಲಕ್ಕ ತಿರುವಿದ್ರ ಇಡು, ಇಲ್ಲಾಂದ್ರ ನಿನ್ನ ಡಬ್ಬಿ ತಗಂಡು ನಡಿ."

"ಹಂಗಿಟ್ರ ವಿಮಾನಕ್ಕ ಕಾಣಂಗಿಲ್ಲಬೇ."

"ನನ್ನ ಸೊಸಿಗೆ ಎದುರಿಗೆ ನಿಂತ ಅತ್ತೀನ ಕಾಣಂಗಿಲ್ಲ, ನಿನ್ನ ಡಬ್ಬಿ ಕಾಣದಿದ್ರ ಏನಾತು!"

ನಕ್ಕೆ. ಪೂರ್ವಕ್ಕೆ ತಿರುಗಿಸಿದೆ. ವಿಮಾನ ಬರುವ ದಿನ ಮೆಲ್ಲಗೆ ದಕ್ಷಿಣಕ್ಕೆ ತಿರುಗಿಸಿದರಾಯಿತು ಎಂದುಕೊಂಡೆ—ಅಂದುಕೊಂಡಿದ್ದೆ ಎಂದು ಈಗ ನೆನಪು. ಆ ದಿನ ಹೋದರೆ ಅಜ್ಜಿ ವಿಮಾನ ನೋಡಲು ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು. ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತೆ. ಕೇಳಬಹುದಿತ್ತು, ಬೇಡಿಕೊಳ್ಳಬಹುದಿತ್ತು, ಜಗಳವನ್ನಾದರೂ—ಏನನ್ನೂ ಮಾಡಲಿಲ್ಲ. ಅಂದಿನ ಡೈರಿಯಲ್ಲಿ ಒಂದೇ ಸಾಲು: "ಮಾಗಳ—ಸರಿಯಿದೆ." ನನ್ನ ನೆನಪನ್ನು ನಾನು ನಂಬುವುದಿಲ್ಲ, ಡೈರಿಯನ್ನು ನಂಬೋಣವೆಂದರೆ ಅದೂ ನಾನು ಬರೆದದ್ದೇ.

ಚಿತ್ರ ಬಂತು. ಹನ್ನೊಂದು ಚುಕ್ಕೆಗಳು. ಮಾಗಳದ ಹೊಲದಲ್ಲಿ ಬರೀ ಕತ್ತಲು. ನಮ್ಮ ಪ್ರೊಫೆಸರು ಮೊದಲೇ ಛೇಡಿಸುತ್ತಿದ್ದರು: "ನಿಮ್ಮ ಕಡೆ ಬೆಕ್ಕು ಅಡ್ಡ ಬಂದ್ರೆ ವಿಮಾನಾನೂ ಹಾರಲ್ಲ, ಅಲ್ವೇನಮ್ಮ?" ಅಜ್ಜಿಯ ಮಾತು ಕೇಳಿ ತಿರುಗಿಸಿದೆ ಎಂದು ಅವರೆದುರು ಹೇಗೆ ಹೇಳಲಿ? ನನ್ನ ಬಾಯಿಂದ ಬಂದದ್ದು ಬೇರೆ: "ತಗಡಿನವರ ಮೂಲೆ ಸರಿಯಿಲ್ಲ ಸರ್."

ಅಷ್ಟೇ. ಇನ್ನೂ ಮೂವತ್ತು ಪೆಟ್ಟಿಗೆಗಳ ಮಾತಾಗಿತ್ತು. ಅದು ರದ್ದಾದ ಪತ್ರವೂ, ಮಾಗಳದ ಪೆಟ್ಟಿಗೆಯೂ ಸಾಬರ ಅಂಗಡಿಗೆ ಬಂದವು. "ಕೆಲಸ ದೋಷಪೂರಿತ" ಎಂಬ ಸಾಲನ್ನು ಎದುರಿನ ಚಹಾ ಅಂಗಡಿಯವನು ಗಟ್ಟಿಯಾಗಿ ಓದಿ ಹೇಳಿದನಂತೆ. ಆಮೇಲೆ ಟ್ರಂಕು ಹೇಳಲು ಬಂದವರೂ ನಗುತ್ತ ಕೇಳತೊಡಗಿದರು: "ಸಾಬ್ರ, ಮೂಲಿ ನೆಟ್ಟಗ ಅದಾವೇನ್ರಿ?"

ಕೆಲವು ತಿಂಗಳು ಕಳೆದವು. ಪ್ರಯೋಗಾಲಯದ ಅಂಗಳದಲ್ಲಿ ಪೆಟ್ಟಿಗೆಗಳನ್ನು ನಾನಾ ದಿಕ್ಕಿಗೆ ತಿರುಗಿಸಿ, ಕೆಲವನ್ನು ಬೇಕೆಂದೇ ಸೊಟ್ಟ ಮಾಡಿ, ತೆಗೆದ ರೇಡಾರ್ ಚಿತ್ರಗಳನ್ನೆಲ್ಲ ನರಜಾಲಕ್ಕೆ ಕಲಿಸಿದ್ದೆವು. ಒಂದು ಮಧ್ಯಾಹ್ನ ನಾನೊಬ್ಬಳೇ ಇದ್ದಾಗ ಮಾಗಳದ ಹೊಲವನ್ನು ಬರೆಯಲು ಹೇಳಿದೆ. ಸೊಟ್ಟ ಪೆಟ್ಟಿಗೆ, ದಕ್ಷಿಣಕ್ಕೆ ಬಾಯಿ ಎಂದೆ—ಮಂಕು ಕಲೆಯೊಂದನ್ನು ಬರೆಯಿತು. ನೆಟ್ಟಗಿನ ಪೆಟ್ಟಿಗೆ, ಪೂರ್ವಕ್ಕೆ ಬಾಯಿ ಎಂದೆ—ಬರೀ ಕತ್ತಲು. ವಿಮಾನ ತಂದ ಚಿತ್ರದ್ದೇ ಕತ್ತಲು. ನಾನು ಕಲಿಸಿದ ಯಂತ್ರ ನನ್ನೆದುರೇ ನಿಜ ಹೇಳಿತ್ತು. ಅದು ಅಚ್ಚಾಗಿ ಬಂದ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ.

ಅದರ ಮುಂದಿನ ವಾರ ಊರಿಗೆ ಹೋದಾಗ ಸಾಬರು ಬಸ್ಸು ಹಿಡಿದು ಕೊಟ್ಟೂರಿಗೆ ಬಂದರು. ಚೀಲದಿಂದ ಆ ಪೆಟ್ಟಿಗೆಯನ್ನೂ ಮೂಲೆಮಟ್ಟವನ್ನೂ ತೆಗೆದು ಅಪ್ಪನ ಅಂಗಡಿಯ ಕಟ್ಟೆಯ ಮೇಲಿಟ್ಟರು.

"ನೀ ಓದಿದಾಕಿ ಅದೀ ತಂಗಿ. ತಪ್ಪು ಎಲ್ಲೈತಿ ತೋರ್ಸು. ನಾ ಹುಡುಕಿ ಹುಡುಕಿ ಸೋತೆ."

"ಕಣ್ಣಿಗೆ ಕಾಣಂಗಿಲ್ಲ ಚಾಚಾ. ಯಂತ್ರಕ್ಕಷ್ಟ ಗೊತ್ತಾಗ್ತೈತಿ."

ಅವರು ತಲೆಯಾಡಿಸಿದರು. ನನ್ನನ್ನು ನಂಬಿದರು. ಅದಾದ ಮೇಲೆ ಟ್ರಂಕು ಮಾಡಲಿಲ್ಲ. ಸಾಯುವವರೆಗೂ ಸ್ಟೋವ್ ರಿಪೇರಿ. ಕಣ್ಣು ಮೋಸ ಮಾಡ್ತಾವ ಎನ್ನುತ್ತಿದ್ದರಂತೆ. ಮೋಸ ಮಾಡಿದ್ದು ಕಣ್ಣಲ್ಲ.

ಇದನ್ನು ಓದಿ ಯಾರಾದರೂ ಮೂಢನಂಬಿಕೆಯ ಕಥೆ ಮಾಡಿದರೆ ನಾನು ಒಪ್ಪುವುದಿಲ್ಲ. ಅಜ್ಜಿ ತನ್ನ ಹೊಲಕ್ಕೆ ತನ್ನ ಷರತ್ತನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಯಂತ್ರವೂ ಮುಚ್ಚಿಡಲಿಲ್ಲ. ಪ್ರೊಫೆಸರು ಛೇಡಿಸಿದ್ದರಿಂದ ಹೀಗಾಯಿತು ಎನ್ನುವುದಕ್ಕೂ ಬಿಡುವುದಿಲ್ಲ. ಛೇಡಿಸಿದ್ದಕ್ಕೆ ಅವರಿಗೆ ಎದುರಾಡಬೇಕಿತ್ತು, ಸಾಬರ ತಲೆಗೆ ಕಟ್ಟಬೇಕಿರಲಿಲ್ಲ. "ಈಗ್ಯಾಕೆ ಮೇಡಂ, ಯಾರಿಗೆ ಪ್ರಯೋಜನ?" ಎಂದು ಹಳೆಯ ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಯೋಜನ ನೋಡಿಕೊಂಡೇ ಅಂದು ಸುಳ್ಳು ಹೇಳಿದ್ದು. ಆ ಸುಳ್ಳನ್ನೇ ಬರೆದ ಸಂಶೋಧನಾ ವರದಿಯಿಂದ ಬಂದ ಪದವಿ ನನ್ನ ಹೆಸರಿನ ಮುಂದೆ ಇನ್ನೂ ಇದೆ. ವರದಿಯನ್ನು ತಿದ್ದಿ ಎಂದು ಪ್ರಯೋಗಾಲಯದವರಿಗೆ ಬರೆದಿದ್ದೇನೆ. ಉತ್ತರ ಬರುವವರೆಗೂ ಬರೆಯುತ್ತಲೇ ಇರುತ್ತೇನೆ, ಬೇಸರವಾದರೆ ಅವರಿಗಾಗಲಿ.

ಕಳೆದ ತಿಂಗಳು ಹರಪನಹಳ್ಳಿಗೆ ಹೋಗಿ ಸಾಬರ ಮಗಳು ಜುಬೇದಾಳಿಗೆ ಎಲ್ಲವನ್ನೂ ಹೇಳಿದೆ. ಆಕೆ ಹೊಲಿಗೆಯಂತ್ರ ನಿಲ್ಲಿಸಿ ಕೊನೆಯವರೆಗೂ ಕೇಳಿಸಿಕೊಂಡಳು. ಕೂತುಕೊಳ್ಳಿ ಎನ್ನಲಿಲ್ಲ.

"ಬರಕೊಡ್ರಿ," ಎಂದಳು. "ನಿಮ್ಮ ಹೆಸರು ಹಾಕಿ ಬರಕೊಡ್ರಿ. ಬಾಯಿ ಮಾತು ಒಮ್ಮಿ ನಂಬಿ ನಮ್ಮಪ್ಪ ಕೆಟ್ಟ. ಬರದ ಕಾಗದ ಟಪಾಲಿನಾಗ ಹಾಕ್ರಿ, ನೀವು ಬರಬ್ಯಾಡ್ರಿ. ಓದಿದ ಮ್ಯಾಲೆ ಮನಸಾದ್ರ ನಾನ ಕರಸ್ತೀನಿ."

ಇದು ಆ ಕಾಗದ. ಹೆಸರು ಹಾಕಿದ್ದೇನೆ. ನಾಳೆ ಟಪಾಲಿಗೆ ಹಾಕುತ್ತೇನೆ. ಆಕೆ ಕರೆಸದೇ ಇದ್ದರೆ, ಅದೇ ಸರಿ.