ಗತ್ತು ಅವರದು, ಕೊಬ್ಬು ಇವಳದು

ಚಿಕ್ಕಬೀರಮ್ಮನ ಕಿವಿ ಚೆನ್ನಾಗಿಯೇ ಇತ್ತು. ಪಿರಿಯಾಪಟ್ಟಣದ ಬಸ್ಸು ಊರ ತಿರುವಿಗೆ ಬರುವ ಮೊದಲೇ ಅದರ ಸದ್ದು ಅವಳಿಗೆ ಕೇಳುತ್ತಿತ್ತು. ಆದರೆ ಚೆಲುವಯ್ಯನವರ ಹೊಗೆಸೊಪ್ಪಿನ ಅಂಗಳದಲ್ಲಿ ಯಾರಾದರೂ "ಏಯ್" ಅಂದರೆ ಅವಳು ತಿರುಗುತ್ತಿರಲಿಲ್ಲ. ಅವಳಿಗೆ ಹೆಸರಿತ್ತು. ಅಜ್ಜಿಯಿಂದ ಬಂದ ಹೆಸರು. ಉದ್ದವೇ, ಆದರೆ ಹೇಳಿದವರ ಬಾಯಿ ನೋಯುವಷ್ಟು ಉದ್ದವೇನಲ್ಲ.

ಇಷ್ಟಕ್ಕೇ ಊರು ಅವಳಿಗೆ ಕೊಟ್ಟ ಬಿರುದು ಒಂದೆರಡಲ್ಲ. ಚೆಲುವಯ್ಯನವರ ಬಾಯಲ್ಲಿ ಅದು ಕೊಬ್ಬು. ಅವರ ಹೆಂಡತಿ ಸುನಂದಮ್ಮನವರು ಬಿಂಕ ಅನ್ನುತ್ತಿದ್ದರು. ಜೊತೆಗೆ ಕೂತು ಸೊಪ್ಪು ಕಟ್ಟುವ ಹೆಂಗಸರು ದಿಮಾಕು ಅಂತ ಎದುರಿಗೇ ಹೇಳಿ ನಗುತ್ತಿದ್ದರು. ಗಂಡ ಜವರಯ್ಯ ಟೀ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ತಂದು ಮನೆಯಲ್ಲಿ ಸುರಿಯುತ್ತಿದ್ದ.

"ತಿಮಿರಂತೆ ಕಣಮ್ಮಿ ನಿಂಗೆ. ಇಂಗೇ ಆದ್ರೆ ಕೆಲ್ಸಕ್ಕೆ ಕರೆಯಾಕಿಲ್ವಂತೆ. ಒಂದ್ಸಲ ತಿರುಗಿ ನೋಡುದ್ರೆ ನಿನ್ ಕತ್ತೇನು ಮುರ್ದೋಯ್ತದಾ?"

"ನನ್ ಎಸ್ರು ಏಳುದ್ರೆ ಅವರ ನಾಲ್ಗೆ ಮುರ್ದೋಯ್ತದಾ?"

ಶ್ರಾವಣದಿಂದ ದಸರೆಯವರೆಗೆ ಅವರ ಮನೆಯ ಒಲೆ ಉರಿಯುತ್ತಿದ್ದದ್ದು ಆ ಹೊಗೆಸೊಪ್ಪಿನ ಕೂಲಿಯಿಂದಲೇ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಇನ್ನಷ್ಟು ರೇಗುತ್ತಿತ್ತು.

ಯಾಕೆಂದರೆ ಚೆಲುವಯ್ಯನವರೇನು ಕರೆದ ತಕ್ಷಣ ತಿರುಗುವ ಪೈಕಿಯೇ? ಎದುರು ನಿಂತು "ಬುದ್ಧೀ" ಅಂದರೆ, ಎಲೆಅಡಿಕೆ ಜಗಿದು, ಉಗಿದು, ಮೀಸೆ ಒರೆಸಿಕೊಂಡು, ಆಮೇಲೆ ಅರ್ಧ ಕತ್ತು ತಿರುಗಿಸುವರು. ಅದು ಗತ್ತು. "ಏನ್ ಗತ್ತಪ್ಪಾ ಯಜಮಾನ್ರುದು!" ಎಂದು ಇದೇ ಜವರಯ್ಯ ಬಾಯಿ ಚಪ್ಪರಿಸುತ್ತಿದ್ದ. ಅವರ ಎತ್ತು ಜನರನ್ನು ಹಾಯಲು ಹೋದರೆ ಪೊಗರು; ಅದನ್ನೂ ಮೈ ಸವರಿಯೇ ಹೇಳುವುದು. ಆ ಎತ್ತಿಗೆ ಕೆಂದ ಅಂತ ಹೆಸರೂ ಇತ್ತು. ಕೂಲಿ ಹೆಂಗಸು ತಿರುಗದಿದ್ದರೆ ಮಾತ್ರ ಕೊಬ್ಬು. ಉಪ್ಪೆಸರು, ಮುದ್ದೆ ತಿಂದವಳಿಗೆ ಎಲ್ಲಿಂದ ಬರಬೇಕು ಕೊಬ್ಬು?

ಆ ವರ್ಷ ಬ್ಯಾರನ್ ತುಂಬುವ ದಿನ ಅದು ನಡೆಯಿತು. ಬ್ಯಾರನ್ ಅಂದರೆ ಹಸಿ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸುವ ಎತ್ತರದ ಮಣ್ಣುಗೋಡೆಯ ಮನೆ. ಒಳಗೆ ಅಡ್ಡಡ್ಡ ಬಿದಿರು ಗಳಗಳು. ಮೇಲೆ ಮನೆಯಾಳು ಈರ ಕಾಲಗಲಿಸಿ ನಿಂತು ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲಾಗಿ ಇಡುತ್ತಿದ್ದ. ಕೆಳಗೆ ಐದು ಹೆಂಗಸರು ಕೈಯಿಂದ ಕೈಗೆ ಕಡ್ಡಿ ದಾಟಿಸುತ್ತಿದ್ದರು. ಬಾಗಿಲಲ್ಲಿ ನಿಂತ ಚೆಲುವಯ್ಯನವರಿಗೆ ಒಂದು ಗಳ ಗೋಡೆಯಿಂದ ಜಾರುವುದು ಕಂಡಿತು.

"ಏಯ್! ಏಯ್ ಇವ್ಳೇ, ಸರ್ಕೊಳ್ಳೇ!"

ಯಾರನ್ನು ಕೂಗಿದ್ದೆಂದು ನಾಲ್ವರು ಬಾಗಿಲ ಕಡೆ ನೋಡಿದರು. ಚಿಕ್ಕಬೀರಮ್ಮ ಎಂದಿನಂತೆ ನೋಡಲೂ ಇಲ್ಲ. ಸರಿದವರು ಯಾರೂ ಇಲ್ಲ. ಗಳ ಅವರಲ್ಲೊಬ್ಬಳಾದ ರಂಗಿಯ ಹೆಗಲ ಮೇಲೆ ಬಿತ್ತು.

"ಬಡ್ಕೊಂಡೆನಲ್ಲಾ, ಕಿವಿಗೇನು ಸೊಪ್ಪು ತುಂಬ್ಕೊಂಡಿದ್ರಾ?" ಎಂದು ಚೆಲುವಯ್ಯನವರು ರೇಗಿದರು.

ಚಿಕ್ಕಬೀರಮ್ಮ ರಂಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದಳು: "ಯಾರ್ಗೆ ಬಡ್ಕೊಂಡ್ರಿ ಬುದ್ಧಿ? ಇಲ್ಲಿ ಐದು ಏಯ್ ಅವೆ. ಇವ್ಳೆಸ್ರು ಏಳಿ ನೋಡಾನ."

ಆರು ವರ್ಷ ಅವರ ಅಂಗಳದಲ್ಲಿ ದುಡಿದವಳ ಹೆಸರು ಅವರಿಗೆ ಬರಲಿಲ್ಲ. "ಗಾಡಿ ಕಟ್ಟಿಸ್ತೀನಿ, ಆಸ್ಪತ್ರೆಗೆ ಕರ್ಕೊಂಡೋಗಿ" ಎಂದು ಹೊರಟರು. ಹೊರಗೆ "ಕೆಂದಾ, ಬಾರೋ ಮಗನೇ" ಎನ್ನುವುದು ಒಳಗಿದ್ದವರಿಗೆಲ್ಲ ಕೇಳಿಸಿತು.

ಮಾರನೆಯ ದಿನ ಉಳಿದ ನಾಲ್ವರೂ ಅಂಗಳಕ್ಕೆ ಬಂದರು, ಬ್ಯಾರನ್ ಒಳಕ್ಕೆ ಹೋಗಲಿಲ್ಲ. ಹೆಸರು ಹಿಡಿದು ಕರೆದರೆ ಬರುತ್ತೇವೆ ಎಂದು ಬೇಲಿ ಪಕ್ಕ ಕೂತರು. ದಿಮಾಕು ಎಂದು ನಕ್ಕವರೇ ಅವಳ ಅಕ್ಕಪಕ್ಕ ಒತ್ತಿಕೊಂಡು ಕೂತಿದ್ದರು. ಜವರಯ್ಯ ಬೇಲಿಯಾಚೆಯಿಂದ "ಮನೆ ಆಳ್ಮಾಡ್ಬುಟ್ಟೆ ಕಣಮ್ಮಿ" ಎಂದು ಗೊಣಗಿದ. ಅವಳು ಹೆದರಿರಲಿಲ್ಲ ಅಂತಲ್ಲ. ಮನೆಯ ಒಲೆ ನೆನಪಾಗುತ್ತಲೇ ಇತ್ತು. ಆದರೂ ಏಳಲಿಲ್ಲ.

ಹಸಿ ಸೊಪ್ಪು ರಾಶಿಯಲ್ಲೇ ಕೂತರೆ ಬಿಸಿಯೇರಿ ಕಪ್ಪಾಗುತ್ತದೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಚೆಲುವಯ್ಯನವರು ರಾಶಿಯೊಳಗೆ ಕೈಯಿಟ್ಟು ನೋಡಿ, ಈರನನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಬಂದರು. ಅವನು ಪಿಸುಗುಟ್ಟಿದ; ಇವರು ಬೇವಿನ ಕಷಾಯ ಕುಡಿದವರ ಹಾಗೆ ಒಂದೊಂದನ್ನೇ ಹೊರಗೆ ಬಿಟ್ಟರು.

"ಚೆನ್ನಿ. ಕೆಂಚಿ. ಕುಳ್ಳಮ್ಮ." ಕೆಮ್ಮಿದರು. "ಚಿಕ್ಕಬೀರಮ್ಮ. ಆಯ್ತಲ್ಲ, ಏಳ್ರಿನ್ನ."

"ಇನ್ನೊಂದೈತೆ" ಎಂದಳು ಚಿಕ್ಕಬೀರಮ್ಮ, ಕೂತಲ್ಲಿಂದಲೇ.

"ಅವ್ಳು ಬಂದೇ ಇಲ್ವಲ್ಲಾ?"

"ಯಾಕ್ ಬಂದಿಲ್ಲ ಬುದ್ಧಿ?"

ಈರ ಈ ಸಲ ಪಿಸುಗುಟ್ಟಲಿಲ್ಲ. ಚೆಲುವಯ್ಯನವರು ರಾಶಿಯ ಕಡೆ ನೋಡಿದರು, ನೆಲ ನೋಡಿದರು.

"ರಂಗಿ" ಎಂದರು.

ನಾಲ್ವರೂ ಸೀರೆ ಎತ್ತಿಕಟ್ಟಿ ಒಳಗೆ ಹೋದರು.

ಸಂಜೆ ಜವರಯ್ಯ ಟೀ ಅಂಗಡಿಯಿಂದ ಮುಖ ಊದಿಸಿಕೊಂಡು ಬಂದ. "ಕೇಳುಸ್ಕೊಂಡ್ಯಾ? ನಿಮ್ಮೈದು ಜನಕ್ಕೂ ಕೊಬ್ಬು ಏರೈತೆ ಅಂತ ಸಾರ್ಕೊಂಡು ಬತ್ತಾವ್ರೆ ಯಜಮಾನ್ರು."

ಚಿಕ್ಕಬೀರಮ್ಮ ರಂಗಿಯ ಮನೆಗೆ ಕೊಂಡೊಯ್ಯಲು ಮುದ್ದೆ ಕಟ್ಟುತ್ತಿದ್ದಳು.

"ಐದು ಜನಕ್ಕಾ? ಒಳ್ಳೇದಾಯ್ತು ಬುಡು. ಒಬ್ಳೇ ಒತ್ಕೊಂಡು ಸಾಕಾಗೋಗಿತ್ತು."